ಮ್ಯಾಮ್ ಟಾರ್ ನಡಿಗೆ, ಆಮೇಲೆ ಪಬ್ಬಿನಲ್ಲಿ ಊಟ: ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರು ಹೋಗಬಹುದಾ?

ಹೋಗಬಹುದು. ಮಂಡಿನೋವು ಇಲ್ಲದಿದ್ದರೆ ಖಂಡಿತ ಹೋಗಿ. ಇಂಗ್ಲೆಂಡಿನ ಮ್ಯಾಮ್ ಟಾರ್ ಎಂಬ ಗುಡ್ಡದ ಈ ನಡಿಗೆ ತುಂಬ ಚೆನ್ನಾಗಿತ್ತು, ಊಟ ಸುಮಾರಾಗಿತ್ತು. ಅವಸರ ಇರುವವರು ಇಷ್ಟು ಓದಿ ಎದ್ದರೂ ನಡೆಯುತ್ತದೆ. ಉಳಿದವರಿಗೆ ವಿವರವಾಗಿ ಹೇಳುತ್ತೇನೆ. ಇಂಥದ್ದಕ್ಕೆ ಹೊರಡುವ ಮೊದಲು ನಮ್ಮ ಭಾಷೆಯಲ್ಲಿ ಯಾರಾದರೂ ಬರೆದಿದ್ದಾರಾ ಅಂತ ನಾನೂ ಹುಡುಕಿದ್ದೆ, ಸಿಗಲಿಲ್ಲ.

ನಾನು ಸಾಗರದ ಕಡೆಯವಳು, ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾಗಿದ್ದೇನೆ. ಮಗ ಸೊಸೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದಾರೆ. ಇಲ್ಲಿಯ ಬೇಸಿಗೆಗೆ ಅಂತ ನಾನೂ ನಮ್ಮ ಯಜಮಾನರೂ ಬಂದಿದ್ದೇವೆ. ಮಕ್ಕಳ ಮನೆಗೆ ಬಂದ ನಮ್ಮಂಥವರ ಪಾಡು ಗೊತ್ತಿರುವುದೇ ಅಲ್ವಾ? ಬೆಳಿಗ್ಗೆ ಅವರು ಕೆಲಸಕ್ಕೆ ಹೊರಟರೆ ಸಂಜೆ ತನಕ ಕಿಟಕಿ ಪಕ್ಕ ಕೂತು, ಎದುರು ಮನೆಯವರು ಇವತ್ತು ಯಾವ ಬಣ್ಣದ ಕಸದ ಡಬ್ಬಿ ಹೊರಗಿಟ್ಟರು ಅಂತ ನೋಡುವುದು. ಭಾನುವಾರ ಬಂದರೆ ಇಂಡಿಯನ್ ಅಂಗಡಿ, ಇಲ್ಲವೇ ಯಾರದೋ ಮನೆಯ ಹುಟ್ಟುಹಬ್ಬ. ಅಲ್ಲಿ ಸಿಗುವವರೂ ನಮ್ಮ ಹಾಗೆ ಬಂದು ಕೂತ ಅಪ್ಪ-ಅಮ್ಮಂದಿರೇ. ಈ ದೇಶದ ಜನರ ಜೊತೆ ಅಂಗಡಿಯ ಕೌಂಟರಿನಲ್ಲಿ ‘ಥ್ಯಾಂಕ್ಯೂ’ ಅನ್ನುವುದು ಬಿಟ್ಟರೆ ಒಂದು ಮಾತೂ ಆಗುವುದಿಲ್ಲ.

ಸೊಸೆ ಇಲ್ಲಿಯ ಒಂದು ಸೋಶಿಯಲ್ ಕ್ಲಬ್ಬಿನ ಸದಸ್ಯೆ. ಹೆಸರು ಬೇಡ, ಊರಿಗೆ ಇಂಥವು ಬೇಕಾದಷ್ಟಿವೆ. ಕ್ಲಬ್ ಅಂದಾಕ್ಷಣ ನಮ್ಮವರಿಗೆ ಇಸ್ಪೀಟು, ಗುಂಡು ನೆನಪಾದವು. ಇದು ಹಾಗಲ್ಲ. ಒಂದು ವಾರ ಕ್ವಿಜ್, ಒಂದು ವಾರ ನಾಟಕ ನೋಡಲು ಹೋಗುವುದು, ತಿಂಗಳಿಗೊಂದು ಭಾನುವಾರ ಹಳ್ಳಿ ಕಡೆ ನಡೆದು ಅಲ್ಲೇ ಒಂದು ಪಬ್ಬಿನಲ್ಲಿ ಊಟ. ಸದಸ್ಯರ ಮನೆಯವರು ಅತಿಥಿಗಳಾಗಿ ಬರಬಹುದು. ನಡಿಗೆಗೆ ದುಡ್ಡಿಲ್ಲ. ರೈಲಿನ ಟಿಕೆಟ್ಟು, ಊಟದ ಖರ್ಚು ಅವರವರದು.

ವಾರದ ಮುಂಚೆಯೇ ಮೇಲ್ ಬಂತು. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಯಾವ ರೈಲು, ಎಲ್ಲಿ ಸೇರುವುದು, ಎಷ್ಟು ದೂರ (5 ಮೈಲಿ, ಅಂದರೆ 8 ಕಿಲೋಮೀಟರ್), ಎಷ್ಟು ಏರು (ಸುಮಾರು 300 ಮೀಟರ್), ಶೌಚಾಲಯ ಎಲ್ಲಿದೆ, ಎಲ್ಲಿ ಇಲ್ಲ, ಮಳೆ ಬಂದರೂ ಹೊರಡುತ್ತೇವಾ, ಎಲ್ಲವೂ ಅದರಲ್ಲಿತ್ತು. ಜೊತೆಗೆ ಪಬ್ಬಿನ ಊಟದ ಪಟ್ಟಿ. ಏನು ಬೇಕು ಅಂತ ಬುಧವಾರದೊಳಗೆ ತಿಳಿಸಬೇಕು. ಕೊನೆಯಲ್ಲಿ ಒಂದು ಸಾಲು: ‘ಈ ನಡಿಗೆ ಮಧ್ಯಮ ದರ್ಜೆಯದು.’ ಈ ಸಾಲಿನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಹೋಗಿದ್ದು ಪೀಕ್ ಡಿಸ್ಟ್ರಿಕ್ಟ್‌ಗೆ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಜಾಗ ಇದು. ಉದ್ಯಾನ ಅಂದರೆ ನಮ್ಮ ಬಂಡೀಪುರದ ಹಾಗೆ ಜೀಪಿನಲ್ಲಿ ಕೂತು ನೋಡುವಂಥದ್ದಲ್ಲ. ಒಳಗೆ ಹಳ್ಳಿಗಳಿವೆ, ತೋಟಗಳಿವೆ, ಕುರಿಗಳಿವೆ, ಒಂದು ಸಿಮೆಂಟ್ ಕಾರ್ಖಾನೆಯೂ ಇದೆ. ಶೆಫೀಲ್ಡ್‌ನಿಂದ ಈಡೇಲ್ ಎಂಬ ಹಳ್ಳಿಗೆ ರೈಲಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. ಊರು ಬಿಟ್ಟ ಕೂಡಲೇ ಟಾಟ್ಲಿ ಸುರಂಗ, ಮೂರೂವರೆ ಮೈಲಿ ಉದ್ದ. ಅದರೊಳಗೆ ನುಗ್ಗುವಾಗ ಆಚೀಚೆ ಇನ್ನೂ ಊರಿನ ಅಂಚಿನ ಮನೆಗಳು. ಹೊರಗೆ ಬಂದರೆ ಬರೀ ಹಸಿರು, ಗುಡ್ಡ, ಕಲ್ಲಿನ ಪಾಗಾರ. ನಮ್ಮವರು ಅಲ್ಲಿ ತನಕ ಮುಖ ಗಂಟು ಹಾಕಿಕೊಂಡಿದ್ದರು. ಸುರಂಗ ದಾಟಿದ ಮೇಲೆ ಫೋನ್ ತೆಗೆದು ಫೋಟೋ ಹೊಡೆಯಲು ಶುರು ಮಾಡಿದರು.

ಈಡೇಲ್ ಸ್ಟೇಷನ್ನಿನ ಹೊರಗೆ ಎಲ್ಲರನ್ನೂ ನಿಲ್ಲಿಸಿ ತಲೆ ಎಣಿಸಿದರು. ಇಪ್ಪತ್ತರ ಆಸುಪಾಸು ಜನ ಇದ್ದೆವು. ಕರೆದುಕೊಂಡು ಹೋಗುವವರು ಒಬ್ಬ ನಿವೃತ್ತ ಮೇಷ್ಟರು. ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದವರಂತೆ. ಕೈಯಲ್ಲಿ ಕಾಗದದ ಮ್ಯಾಪು, ಕೊರಳಲ್ಲಿ ಸೀಟಿ. ಹಿಂದಿನಿಂದ ಬರಲು ಹಳದಿ ಜಾಕೆಟ್ ಹಾಕಿದ ಒಬ್ಬ ಹೆಂಗಸು. ಅವರ ಕೆಲಸ ಒಂದೇ, ಕೊನೆಯವರಿಗಿಂತ ಮುಂದೆ ಹೋಗದಿರುವುದು. ‘ನಿಧಾನ ಆದರೆ ಬೇಜಾರು ಮಾಡಿಕೊಳ್ಳಬೇಡಿ, ನನಗೆ ಪೂರ್ತಿ ದಿನ ಪುರುಸೊತ್ತಿದೆ’ ಅಂದರು. ನಮ್ಮವರಿಗೆ ಅವರ ಪರಿಚಯ ಚೆನ್ನಾಗಿಯೇ ಆಯಿತು. ಉದ್ದಕ್ಕೂ ಇವರೇ ಕೊನೆಯವರು.

ಈಡೇಲ್ ಬಗ್ಗೆ ಮೇಷ್ಟರು ಒಂದು ಸಂಗತಿ ಹೇಳಿದರು. ಪೆನ್ನೈನ್ ವೇ ಅಂತ ಒಂದು ನಡೆಯುವ ದಾರಿ ಇದೆ. 1965ರಲ್ಲಿ ಶುರುವಾದದ್ದು, 268 ಮೈಲಿ, ಸ್ಕಾಟ್ಲೆಂಡಿನ ಗಡಿ ದಾಟಿ ಹೋಗುತ್ತದೆ. ಅದು ಹೊರಡುವುದು ಈ ಊರಿನ ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಪಬ್ಬಿನ ಮುಂದಿನಿಂದ, ಮುಗಿಯುವುದು ಆ ತುದಿಯ ಊರಿನ ಬಾರ್ಡರ್ ಹೋಟೆಲಿನ ಹತ್ತಿರ. ಈ ಜನ ನಡೆಯುವುದಕ್ಕೂ ಪಬ್ಬಿಗೂ ಎಷ್ಟು ನಂಟು ಇಟ್ಟಿದ್ದಾರೆ ಅಂತ ಅಲ್ಲೇ ಗೊತ್ತಾಯಿತು. ನಾವು ಹೋದದ್ದು ಆ ದಿಕ್ಕಿಗಲ್ಲ. ಎದುರಿಗಿದ್ದ ಸಾಲುಗುಡ್ಡ ಹತ್ತಿ, ಅದರ ಮೇಲೇ ಮ್ಯಾಮ್ ಟಾರ್ ತುದಿಯ ತನಕ ನಡೆದು, ಆಚೆ ಬದಿಯ ಕಾಸಲ್ಟನ್ ಎಂಬ ಊರಿಗೆ ಇಳಿಯುವುದು.

ಮೊದಲ ಅರ್ಧ ಗಂಟೆ ಬರೀ ಹುಲ್ಲುಗಾವಲು. ಯಾರದೋ ಜಮೀನಿನ ಮಧ್ಯವೇ ದಾರಿ. ಹಳದಿ ಬಾಣದ ಗುರುತು ಕಂಡರೆ ಕಾಲುದಾರಿ, ಯಾರು ಬೇಕಾದರೂ ನಡೆಯಬಹುದು. ನೀಲಿ ಬಾಣವಾದರೆ ಕುದುರೆ, ಸೈಕಲ್ಲಿಗೂ ಹಕ್ಕಿದೆ. ಮಾಲೀಕ ಅಡ್ಡ ಬರುವ ಹಾಗಿಲ್ಲ. ನಡೆಯುವವರೂ ದಾರಿ ಬಿಟ್ಟು ಗದ್ದೆ ತುಳಿಯುವ ಹಾಗಿಲ್ಲ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು, ತೆರೆದೇ ಇಟ್ಟಿದ್ದರೆ ಹಾಗೇ ಬಿಡಬೇಕು. ಮರಿ ಹಾಕಿದ ಕುರಿಗಳಿದ್ದವು, ಹಾಗಾಗಿ ನಾಯಿ ತಂದವರು ಹಗ್ಗ ಬಿಡಲಿಲ್ಲ. ಕೆಲವು ಕಡೆ ಗೇಟೇ ಇಲ್ಲ, ಪಾಗಾರಕ್ಕೆ ಮೆಟ್ಟಿಲು ಕೊಟ್ಟಿದ್ದಾರೆ. ಮನುಷ್ಯ ದಾಟಬಹುದು, ಕುರಿ ದಾಟದು. ನಮ್ಮೂರ ತೋಟದ ದಣಪೆ ದಾಟಿ ಅಭ್ಯಾಸ ಇದ್ದವಳಿಗೆ ಇದೇನು ಮಹಾ? ಸೊಸೆ ಕೈ ಕೊಡಲು ಬಂದಳು, ನಾನು ಆಗಲೇ ಆಚೆ ಇದ್ದೆ.

ಈಗ ಈ ನಡಿಗೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದನ್ನು ಹೇಳುತ್ತೇನೆ. ದಾರಿ ಕಿರಿದು. ಇಬ್ಬರು ಅಕ್ಕಪಕ್ಕ ನಡೆಯಬಹುದು, ಮೂವರಿಗೆ ಜಾಗ ಇಲ್ಲ. ಗೇಟು ಬಂದ ಕೂಡಲೇ ಸಾಲು ಒಡೆಯುತ್ತದೆ. ಒಬ್ಬರು ಗೇಟು ಹಿಡಿದು ನಿಲ್ಲುತ್ತಾರೆ, ಮಿಕ್ಕವರು ಒಬ್ಬೊಬ್ಬರಾಗಿ ದಾಟುತ್ತಾರೆ, ದಾಟಿದ ಮೇಲೆ ಯಾರ ಪಕ್ಕ ಯಾರು ಬರುತ್ತಾರೋ ಅವರ ಜೊತೆ ಮಾತು ಶುರು. ಮುಂದಿನ ಗೇಟಿನವರೆಗೆ ಅಷ್ಟೇ. ಮಾತು ಸಪ್ಪೆಯಾದರೂ ಚಿಂತೆ ಇಲ್ಲ, ಹತ್ತು ನಿಮಿಷದಲ್ಲಿ ಇನ್ನೊಂದು ಗೇಟು ಬರುತ್ತದೆ. ಚೆನ್ನಾಗಿದ್ದರೆ ನೀವೇ ಸ್ವಲ್ಪ ನಿಂತು ಅವರನ್ನೇ ಕಾಯಬಹುದು. ಮುಖ ನೋಡಿಕೊಂಡು ಮಾತಾಡಬೇಕಾಗಿಲ್ಲ, ಇಬ್ಬರ ಕಣ್ಣೂ ಕೆಸರಿನ ಮೇಲೆ. ನನ್ನ ಇಂಗ್ಲಿಷ್ ಬ್ಯಾಂಕಿನ ಇಂಗ್ಲಿಷ್, ಓದಿ ಬರೆಯಲು ಸಾಕು, ಮಾತಿಗೆ ತಡವರಿಸುತ್ತದೆ. ನಡೆಯುವಾಗ ಅದು ಗೊತ್ತೇ ಆಗಲಿಲ್ಲ. ಮಾತು ನಿಂತರೆ ಏರು ಹತ್ತಿ ಏದುಸಿರು ಬಂತು ಅಂತ ಅವರು ಅಂದುಕೊಳ್ಳುತ್ತಾರೆ.

ಹೀಗೇ ಒಬ್ಬ ಹೆಂಗಸು ಸಿಕ್ಕರು. ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಗಂಡ ತೀರಿಕೊಂಡಿದ್ದಾರೆ, ಮಗಳು ಆಸ್ಟ್ರೇಲಿಯಾದಲ್ಲಿ. ‘ಮೊಮ್ಮಗನನ್ನು ಫೋನಿನಲ್ಲೇ ನೋಡುವುದು’ ಅಂದರು. ನಾವು ಅಂದುಕೊಂಡಿರುತ್ತೇವೆ, ಇಲ್ಲಿಯವರಿಗೆ ಮಕ್ಕಳು ದೂರ ಹೋದರೆ ಏನೂ ಅನಿಸುವುದಿಲ್ಲ ಅಂತ. ಎರಡು ಗೇಟು ಅವರ ಜೊತೆಗೇ ನಡೆದೆ. ಇನ್ನೊಬ್ಬರು ಬಸ್ ಓಡಿಸಿ ನಿವೃತ್ತರಾದವರು. ಅವರಿಗೆ ಅಡಿಕೆ ಅಂದರೆ ಏನು ಅಂತ ವಿವರಿಸುವಷ್ಟರಲ್ಲಿ ಏರು ಮುಗಿದಿತ್ತು. ಯಾರೂ ಸಂಬಳ ಎಷ್ಟು, ಮನೆ ಸ್ವಂತದ್ದಾ ಬಾಡಿಗೆಯದ್ದಾ ಅಂತ ಕೇಳಲಿಲ್ಲ. ಕೇಳಿದ್ದು ಮಳೆಯ ಬಗ್ಗೆ. ಆಗುಂಬೆಯ ಮಳೆ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಅಂದಾಗ ಮೇಷ್ಟರು ನಿಂತೇ ಬಿಟ್ಟರು. ‘ಇಲ್ಲಿ ಅದರ ಕಾಲು ಭಾಗಕ್ಕೇ ನಾವು ದಿನಾ ಗೊಣಗುತ್ತೇವೆ’ ಅಂದರು.

ಸಾಲುಗುಡ್ಡದ ತಗ್ಗಿನ ಜಾಗಕ್ಕೆ ಹಾಲಿನ್ಸ್ ಕ್ರಾಸ್ ಅನ್ನುತ್ತಾರೆ. ನಾಲ್ಕು ಕಡೆಯಿಂದ ದಾರಿ ಬಂದು ಕೂಡುತ್ತದೆ. ಈಡೇಲ್‌ನಲ್ಲಿ ಚರ್ಚ್ ಇಲ್ಲದ ಕಾಲದಲ್ಲಿ ಸತ್ತವರ ಪೆಟ್ಟಿಗೆಯನ್ನು ಹೊತ್ತು, ಈ ಏರು ಹತ್ತಿ, ಆಚೆ ಹೋಪ್ ಎಂಬ ಊರಿನ ಚರ್ಚಿಗೆ ಒಯ್ಯುತ್ತಿದ್ದರಂತೆ. ಆಮೇಲೆ ಈಡೇಲ್‌ನಲ್ಲಿ ಹತ್ತಿ ಗಿರಣಿ ಬಂದಾಗ ಕಾಸಲ್ಟನ್ನಿನ ಹೆಂಗಸರು ಇದೇ ದಾರಿಯಲ್ಲಿ ಕೆಲಸಕ್ಕೆ ಬಂದು ಹೋಗುತ್ತಿದ್ದರು. ನಾನು ಒಂದು ಬಾಳೆಹಣ್ಣು ಒಂದು ನೀರಿನ ಬಾಟಲಿ ಹೊತ್ತು ಬಂದೇ ಸುಸ್ತಾಗಿದ್ದೆ.

ಇಲ್ಲಿ ಟೀ ನಿಲುಗಡೆ. ಪ್ರತಿಯೊಬ್ಬರ ಬ್ಯಾಗಿನಿಂದಲೂ ಫ್ಲಾಸ್ಕ್ ಹೊರಗೆ ಬಂತು. ಐದೇ ನಿಮಿಷ. ಇದು ನನ್ನ ಮೊದಲ ದೂರು. ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದು ಮನೆ ಬಿಟ್ಟವರಿಗೆ ಊಟ ಎರಡು ಗಂಟೆಗೆ. ಮಧ್ಯ ಈ ಟೀ, ಬಿಸ್ಕತ್ತು ಬಿಟ್ಟರೆ ಏನೂ ಇಲ್ಲ, ದಾರಿಯಲ್ಲಿ ಅಂಗಡಿಯೂ ಇಲ್ಲ. ನಮ್ಮವರಿಗೆ ಶುಗರ್ ಇದೆ. ನಾನು ಚಕ್ಕುಲಿ, ಹುರಿದ ಶೇಂಗಾ ಕಟ್ಟಿಕೊಂಡಿದ್ದೆ, ಹಾಗಾಗಿ ಬಚಾವ್. ಮೇಲ್‌ನಲ್ಲಿ ‘ನೀರು ತನ್ನಿ’ ಅಂತ ಇತ್ತು, ‘ತಿನ್ನಲು ತನ್ನಿ’ ಅಂತ ಇರಲಿಲ್ಲ. ಮಾತ್ರೆ ತಗೊಳ್ಳುವವರು ದಯವಿಟ್ಟು ಗಮನಿಸಿ.

ಎರಡನೇ ದೂರು ಆ ‘ಮಧ್ಯಮ ದರ್ಜೆ’. ಹಾಲಿನ್ಸ್ ಕ್ರಾಸ್‌ನಿಂದ ಮ್ಯಾಮ್ ಟಾರ್ ತುದಿಗೆ ಹಾಸುಗಲ್ಲಿನ ದಾರಿ ಇದೆ, ಚೆನ್ನಾಗಿಯೇ ಇದೆ. ಆದರೆ ಗಾಳಿ! ಮೇ ತಿಂಗಳು, ಬಿಸಿಲಿದೆ, ಆದರೂ ತುದಿಯಲ್ಲಿ ನನ್ನ ಸ್ಕಾರ್ಫ್ ತಲೆಯ ಮೇಲೆ ನಿಲ್ಲಲಿಲ್ಲ. ಎತ್ತರ 517 ಮೀಟರ್. ಕೊಡಚಾದ್ರಿ 1,343 ಮೀಟರ್, ಅದರ ಮುಂದೆ ಇದು ಏನೂ ಅಲ್ಲ ಅಂತ ನಮ್ಮವರು ರೈಲಿನಲ್ಲಿ ಎಲ್ಲರಿಗೂ ಹೇಳಿದ್ದರು. ಹತ್ತುವಾಗ ಹಿಂದಿನಿಂದ ‘ಇನ್ನೂ ಎಷ್ಟು ದೂರ ಕಣೇ?’ ಅಂತ ಕೂಗು. ‘ಸುಮ್ನೆ ಬನ್ನಿ, ಕೊಡಚಾದ್ರಿ ಹತ್ತಿದವರು ನೀವು’ ಅಂದೆ. ಹಳದಿ ಜಾಕೆಟಿನವರಿಗೆ ಕನ್ನಡ ಬಾರದಿದ್ದರೂ ನಕ್ಕರು. ಅರವತ್ತು ದಾಟಿದವರಿಗೆ, ಅದರಲ್ಲೂ ದಿನಾ ನಡೆಯದವರಿಗೆ, ಇದು ಕಷ್ಟದ ದರ್ಜೆಯೇ. ಕ್ಲಬ್ಬಿನ ಎಪ್ಪತ್ತರ ಅಜ್ಜಂದಿರು ಇಲ್ಲಿ ಬೆಳೆದವರು, ಅವರ ಲೆಕ್ಕ ಬೇರೆ. ಸಾದಾ ಶೂ ಸಾಲದು, ಅಡಿ ಜಾರದ ಶೂ ಬೇಕು. ನನಗೆ ಸೊಸೆಯ ಗೆಳತಿ ಒಬ್ಬಳು ತನ್ನದನ್ನು ಕೊಟ್ಟಳು, ಎರಡು ಜೊತೆ ಸಾಕ್ಸ್ ಹಾಕಿದರೆ ಸರಿಹೋಯಿತು. ಒಂದು ದಿನದ ನಡಿಗೆಗೆ ನೂರು ಪೌಂಡ್ ಕೊಟ್ಟು ಹೊಸದು ಕೊಳ್ಳಬೇಡಿ.

ತುದಿಯಲ್ಲಿ ಸಾವಿರಾರು ವರ್ಷದ ಹಳೆಯ ಕೋಟೆಯ ಗುರುತಿದೆ. ಗೋಡೆ ಅಂತ ಏನೂ ಇಲ್ಲ, ಗುಡ್ಡದ ಸುತ್ತ ಮಣ್ಣಿನ ದಿಬ್ಬ, ಹೇಳದಿದ್ದರೆ ಗೊತ್ತಾಗುವುದಿಲ್ಲ. ನೋಟ ಮಾತ್ರ ಎರಡೂ ಕಡೆ ಭರ್ಜರಿ. ದಕ್ಷಿಣಕ್ಕೆ ಕಾಸಲ್ಟನ್, ಅದರ ನೆತ್ತಿಯ ಮೇಲೆ ಪೆವರಿಲ್ ಕೋಟೆಯ ಪಾಳು ಗೋಪುರ, ಆಚೆಗೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಉತ್ತರಕ್ಕೆ ಕಣಿವೆಯ ಆಚೆ ಕಿಂಡರ್ ಸ್ಕೌಟ್, ಉದ್ದಕ್ಕೆ ಕಪ್ಪಗೆ ಮಲಗಿದ ಗುಡ್ಡ. ಮೇಷ್ಟರು ಗಾಳಿಗೆ ಬೆನ್ನು ಕೊಟ್ಟು ನಿಂತು ಅದರ ಕಥೆ ಹೇಳಿದರು. ಒಂದು ಕಾಲದಲ್ಲಿ ಆ ಗುಡ್ಡಕ್ಕೆ ಜನ ಹೋಗುವಂತಿರಲಿಲ್ಲ. ದೊಡ್ಡವರು ಹಕ್ಕಿ ಬೇಟೆಗೆ ಇಟ್ಟುಕೊಂಡಿದ್ದರು, ಕಾವಲುಗಾರರಿದ್ದರು. ಮ್ಯಾಂಚೆಸ್ಟರ್, ಶೆಫೀಲ್ಡಿನ ಕಾರ್ಖಾನೆ ಕೆಲಸಗಾರರಿಗೆ ಭಾನುವಾರ ಒಂದು ದಿನ ಹೊಗೆ ಬಿಟ್ಟು ಗಾಳಿ ಕುಡಿಯೋಣ ಅಂದರೆ ಜಾಗ ಇರಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಜನ ಬೇಕೆಂದೇ ಬೇಲಿ ಮೀರಿ ಆ ಗುಡ್ಡ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಹುಡುಗ. ಐದು ಜನರಿಗೆ ಜೈಲಾಯಿತು. ಅದಾಗಿ ಎಷ್ಟೋ ವರ್ಷಕ್ಕೆ, 2000ದಲ್ಲಿ, ಇಂಥ ಗುಡ್ಡ ಬಯಲುಗಳಲ್ಲಿ ಓಡಾಡುವ ಹಕ್ಕಿಗೆ ಕಾನೂನು ಬಂತು. ಬಸ್ ಓಡಿಸುತ್ತಿದ್ದವರು ಮಧ್ಯೆ ಬಾಯಿ ಹಾಕಿ, ತಮ್ಮ ತಾತ ಆ ದಿನ ಹೋಗಬೇಕಿತ್ತು, ಹೆಂಡತಿ ಬಿಡಲಿಲ್ಲ ಅಂದರು. ಇಂಥ ಕಥೆ ಈ ಕಡೆಯ ಮನೆಮನೆಯಲ್ಲೂ ಇರಬಹುದು. ಉಪ್ಪಿನ ಸತ್ಯಾಗ್ರಹಕ್ಕೆ ಹೋಗಬೇಕಿತ್ತು ಅನ್ನುವ ತಾತಂದಿರು ನಮ್ಮಲ್ಲೂ ಕಡಿಮೆ ಇಲ್ಲ.

ಇಳಿಯುವ ದಾರಿ ಇನ್ನೂ ಸ್ವಾರಸ್ಯ. ಮ್ಯಾಮ್ ಟಾರ್‌ನ ಒಂದು ಮಗ್ಗಲು ಪೂರ್ತಿ ಕುಸಿದಿದೆ. ಕೆಳಗೆ ಮೆತ್ತನೆಯ ಪದರ ಪದರದ ಜೇಡಿಕಲ್ಲು, ಮೇಲೆ ಮರಳುಗಲ್ಲು. ಮಳೆ ನೀರು ಇಳಿದಾಗಲೆಲ್ಲ ಅಡಿಯ ಪದರ ಜಾರುತ್ತದೆ. ಈ ಕುಸಿದ ಮಣ್ಣಿನ ಮೇಲೇ ಹಿಂದೆ ಶೆಫೀಲ್ಡಿನಿಂದ ಬರುವ ಹೆದ್ದಾರಿ ಇತ್ತು. ಜಾರಿತು, ಟಾರು ಹಾಕಿದರು. ಮತ್ತೆ ಜಾರಿತು, ಮತ್ತೆ ಹಾಕಿದರು. 1979ರಲ್ಲಿ ಕೈಬಿಟ್ಟರು. ಇವತ್ತು ಆ ರಸ್ತೆಯ ಮೇಲೇ ನಡೆದು ಇಳಿಯಬಹುದು. ಒಂದು ಕಡೆ ರಸ್ತೆ ಆಳೆತ್ತರ ಕಡಿದು ಬಿದ್ದಿದೆ. ಆ ಕಡಿದ ಅಂಚಿನಲ್ಲಿ ಟಾರಿನ ಪದರಗಳು ಒಂದರ ಮೇಲೊಂದು ಹಾಗೇ ಕಾಣುತ್ತವೆ. ಪ್ರತಿ ಸಲ ಜಾರಿದಾಗ ಹಾಕಿದ ತೇಪೆಗಳವು. ಮಧ್ಯದ ಬಿಳಿ ಗೆರೆ ಅಂಚಿನ ತನಕ ಬಂದು ತುಂಡಾಗಿದೆ, ಆಮೇಲೆ ಕೆಳಗಿನ ತುಂಡಿನಲ್ಲಿ ಓರೆಯಾಗಿ ಮುಂದುವರಿದಿದೆ. ಬಿರುಕಿನಲ್ಲಿ ಹುಲ್ಲು. ನಮ್ಮವರು ಲೋಕೋಪಯೋಗಿ ಇಲಾಖೆಯಲ್ಲಿ ಇದ್ದವರು. ಇಷ್ಟು ಹೊತ್ತು ಕಾಲು ನೋವು ಅನ್ನುತ್ತಿದ್ದ ಮನುಷ್ಯ ಅಲ್ಲಿ ಕುಕ್ಕರುಗಾಲಲ್ಲಿ ಕೂತು ಪದರ ಎಣಿಸಲು ಶುರು ಮಾಡಿದರು. ಶಿರಾಡಿ ಘಾಟಿಯಲ್ಲಿ ಮಳೆಗಾಲ ಬಂದರೆ ಏನಾಗುತ್ತದೆ ಅಂತ ಮೇಷ್ಟರಿಗೆ ಹೇಳಿದರು, ಮೇಷ್ಟರು ಕಿವಿಗೊಟ್ಟು ಕೇಳಿದರು. ಕ್ಲಬ್ಬಿನವರು ಅವರಿಬ್ಬರನ್ನು ಅಲ್ಲಿಂದ ಎಬ್ಬಿಸಲು ಸೀಟಿ ಊದಬೇಕಾಯಿತು. ಅದೂ ಮೇಷ್ಟರ ಸೀಟಿಯೇ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಬೇರೇನೂ ಬೇಡ, ಈ ಮುರಿದ ರಸ್ತೆ ಒಂದನ್ನು ತೋರಿಸಿದರೂ ಸಾಕು. ಅದರ ಹತ್ತಿರವೇ ಬ್ಲೂ ಜಾನ್ ಗುಹೆ ಇದೆ. ನೇರಳೆ ಹಳದಿ ಪಟ್ಟೆಯ ಒಂದು ಕಲ್ಲು ಸಿಗುವುದು ಅಲ್ಲಿ. ಊರಿನ ಅಂಗಡಿಗಳಲ್ಲಿ ಅದರದೇ ಉಂಗುರ, ಓಲೆ. ಬೆಲೆ ಕೇಳಿ ವಾಪಸ್ ಇಟ್ಟೆ.

ಇನ್ನು ಊಟ. ಪಬ್ಬಿನ ಹೆಸರು ಹೇಳುವುದಿಲ್ಲ. ಕಾಸಲ್ಟನ್ನಿನಲ್ಲಿ ಪಬ್ಬುಗಳಿಗೆ ಬರ ಇಲ್ಲ, ಎಲ್ಲೇ ಹೋದರೂ ಕೇಳಬೇಕಾದ ಪ್ರಶ್ನೆಗಳು ಇವೇ. ಮೊದಲು ಒಳ್ಳೆಯದು ಹೇಳುತ್ತೇನೆ. ಕೆಸರಿನ ಶೂ ಹಾಕಿಕೊಂಡೇ ಒಳಗೆ ಬನ್ನಿ ಅಂದರು, ನಡೆಯುವವರಿಗೆಂದೇ ಕಲ್ಲು ಹಾಸಿದ ಕೋಣೆ ಇದೆ. ನಮಗೆ ಅಂತ ಉದ್ದದ ಟೇಬಲ್ಲುಗಳನ್ನು ಜೋಡಿಸಿಟ್ಟಿದ್ದರು. ತಗ್ಗು ತೊಲೆಗಳು, ಒಲೆ, ಒಲೆಯ ಮುಂದೆ ಯಾರದೋ ನಾಯಿ. ಕುಡಿಯದವರನ್ನು ವಿಚಿತ್ರವಾಗಿ ನೋಡಿಯಾರು ಅಂತ ಅಳುಕಿತ್ತು. ಯಾರೂ ನೋಡಲಿಲ್ಲ. ಟೇಬಲ್ಲಿನಲ್ಲಿ ಅರ್ಧ ಜನ ಜ್ಯೂಸ್, ಶುಂಠಿಯ ಜಿಂಜರ್ ಬಿಯರ್ ಕುಡಿಯುತ್ತಿದ್ದರು. ಅದಕ್ಕೆ ಬಿಯರ್ ಅಂತ ಹೆಸರು ಅಷ್ಟೇ, ಮದ್ಯ ಇಲ್ಲ, ಒಳ್ಳೆ ಖಾರ ಇರುತ್ತದೆ. ಪಬ್ಬಿನಲ್ಲಿ ವೇಟರ್ ಬಂದು ಕೇಳುತ್ತಾನೆ ಅಂತ ಕಾಯಬೇಡಿ. ಪಾನೀಯಕ್ಕೆ ನಾವೇ ಕೌಂಟರಿಗೆ ಹೋಗಿ, ದುಡ್ಡು ಕೊಟ್ಟು, ಕೈಯಲ್ಲೇ ತರಬೇಕು. ಇದರಿಂದ ಕೊನೆಯಲ್ಲಿ ಬಿಲ್ ಹಂಚುವ ಜಗಳ ಇಲ್ಲ.

ಭಾನುವಾರ ಆದ್ದರಿಂದ ಸಂಡೇ ರೋಸ್ಟ್. ಬಹಳಷ್ಟು ಜನರ ತಟ್ಟೆಯಲ್ಲಿ ಹುರಿದ ಮಾಂಸ, ಹುರಿದ ಆಲೂಗಡ್ಡೆ, ಕ್ಯಾರೆಟ್, ಬೇಯಿಸಿದ ಕೋಸು, ಯಾರ್ಕ್‌ಷೈರ್ ಪುಡಿಂಗ್, ಇದರೆಲ್ಲದರ ಮೇಲೆ ಗ್ರೇವಿ. ಈ ಪುಡಿಂಗ್ ಸಿಹಿ ಅಲ್ಲ. ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಬಿಸಿ ಕೊಬ್ಬಿಗೆ ಹೊಯ್ದು ಒಲೆಯಲ್ಲಿಟ್ಟು ಉಬ್ಬಿಸಿದ್ದು. ನಾವಿಬ್ಬರೂ ಸಸ್ಯಾಹಾರಿಗಳು. ನಮಗೆ ನಟ್ ರೋಸ್ಟ್ ಹೇಳಿತ್ತು. ಕಡಲೆ, ಗೋಡಂಬಿಯಂಥ ಬೀಜಗಳನ್ನು ಈರುಳ್ಳಿ, ಬ್ರೆಡ್ಡಿನ ಪುಡಿ ಜೊತೆ ಕಲಸಿ, ಬೇಯಿಸಿ, ಹೋಳು ಮಾಡಿ ಕೊಡುತ್ತಾರೆ. ಬೆಲೆ 16 ಪೌಂಡ್. ಮೂರು ವಾರದ ತರಕಾರಿಗೆ ಆಗುತ್ತಿತ್ತು ಅಂತ ನಮ್ಮವರು ರೂಪಾಯಿಗೆ ಗುಣಿಸುವ ಮೊದಲೇ ತಡೆದೆ.

ತೊಂದರೆ ಆದದ್ದು ಇಲ್ಲಿ. ಬುಧವಾರವೇ ಹೆಸರಿನ ಮುಂದೆ ಸಸ್ಯಾಹಾರ ಅಂತ ಬರೆಸಿದ್ದರೂ ತಟ್ಟೆ ಬಂದಾಗ ಮೇಲೆ ಹಾಕಿದ ಗ್ರೇವಿ ಎಲ್ಲರಿಗೂ ಹಾಕಿದ್ದೇ, ದನದ ಮಾಂಸದ್ದು. ಸೊಸೆಗೆ ಸಂಶಯ ಬಂದು ಕೇಳಿದಳು. ಬಡಿಸುವ ಹುಡುಗಿ ಒಳಗೆ ಹೋಗಿ ಬಂದು, ಮುಖ ಸಣ್ಣ ಮಾಡಿ, ಹೌದು ಅಂದಳು. ಆಮೇಲೆ ಮೇಷ್ಟರು ಇನ್ನೊಂದು ಪ್ರಶ್ನೆ ಕೇಳಿದರು, ನಮಗೆ ಹೊಳೆಯದೇ ಇದ್ದದ್ದು: ಆಲೂಗಡ್ಡೆ ಯಾವುದರಲ್ಲಿ ಹುರಿದದ್ದು? ದನದ ಕೊಬ್ಬಿನಲ್ಲಿ. ಯಾರ್ಕ್‌ಷೈರ್ ಪುಡಿಂಗೂ ಹಾಗೇ. ಊಟದ ಪಟ್ಟಿಯಲ್ಲಿ ನಟ್ ರೋಸ್ಟ್ ಮುಂದೆ ಹಸಿರು ಎಲೆಯ ಗುರುತು ಇದ್ದದ್ದು ನಿಜ, ಅದು ಆ ತುಂಡಿಗೆ ಮಾತ್ರ, ಇಡೀ ತಟ್ಟೆಗಲ್ಲ! ಎರಡೂ ತಟ್ಟೆ ವಾಪಸ್ ಹೋದವು. ಹೊಸದು ಬರುವಷ್ಟರಲ್ಲಿ ಉಳಿದವರದು ಮುಗಿಯುತ್ತ ಬಂದಿತ್ತು. ನರ್ಸ್ ಆಗಿದ್ದವರು ತಮ್ಮ ತಟ್ಟೆ ಮುಟ್ಟದೆ ನಮಗಾಗಿ ಕಾದರು. ಬೇಡ ಬೇಡ ಅಂದರೂ ಕೇಳಲಿಲ್ಲ. ಪಬ್ಬಿನವರು ಸಾರಿ ಹೇಳಿದ್ದೇ ಹೇಳಿದ್ದು. ಬೆಲೆಯಲ್ಲಿ ಒಂದು ಪೆನ್ನಿ ಕಡಿಮೆ ಮಾಡಲಿಲ್ಲ.

ಹಾಗಾಗಿ ಸಸ್ಯಾಹಾರಿಗಳಿಗೆ: ‘ವೆಜಿಟೇರಿಯನ್’ ಅಂದರೆ ಸಾಲದು. ಗ್ರೇವಿ ಯಾವುದು, ಆಲೂಗಡ್ಡೆ ಯಾವುದರಲ್ಲಿ ಹುರಿದದ್ದು, ಚಿಪ್ಸ್ ಯಾವ ಎಣ್ಣೆ, ಈ ಮೂರನ್ನೂ ಮುಂಚೆಯೇ ಕೇಳಿ. ಚಿಪ್ಸ್ ಕೂಡ ಇಲ್ಲಿ ಕೆಲವು ಕಡೆ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಕೇಳಿದರೆ ಯಾರೂ ಸುಳ್ಳು ಹೇಳುವುದಿಲ್ಲ, ಸಿಡುಕುವುದೂ ಇಲ್ಲ. ಕೇಳದಿದ್ದರೆ ಅವರಾಗಿ ಹೇಳುವುದೂ ಇಲ್ಲ.

ಎರಡನೇ ಸಲ ಬಂದ ತಟ್ಟೆ ಹೇಗಿತ್ತು? ಬೇಯಿಸಿದ ಆಲೂಗಡ್ಡೆ, ತರಕಾರಿ, ನಟ್ ರೋಸ್ಟ್, ಈರುಳ್ಳಿಯ ಗ್ರೇವಿ. ಉಪ್ಪು ಇದೆ, ಖಾರ ಇಲ್ಲ, ಹುಳಿ ಇಲ್ಲ. ಬಾಯಿ ಒಣಗುವಷ್ಟು ಗಟ್ಟಿ. ಅದನ್ನು ಕಾಪಾಡಿದ್ದು ಟೇಬಲ್ಲಿನ ಮೇಲಿದ್ದ ಒಂದು ಬಾಟಲಿ. ಕಿತ್ತಳೆ ಬಣ್ಣದ ಲೇಬಲ್ಲು, ಹೆಂಡರ್ಸನ್ಸ್ ರೆಲಿಶ್, ಶೆಫೀಲ್ಡಿನಲ್ಲೇ 1885ರಿಂದ ಮಾಡುತ್ತಿರುವುದು. ಈ ಊರಿನವರು ಇದನ್ನು ಎಲ್ಲದಕ್ಕೂ ಸುರಿದುಕೊಳ್ಳುತ್ತಾರೆ. ಹಿಂದಿನ ಚೀಟಿ ಓದಿದೆ. ವಿನೆಗರ್, ಸಕ್ಕರೆ, ಲವಂಗ, ಮೆಣಸಿನ ಪುಡಿ, ಮತ್ತೆ ಹುಣಸೆಹಣ್ಣು! ಮೀನು ಮಾಂಸ ಇಲ್ಲ. ನಮ್ಮವರು ಆಲೂಗಡ್ಡೆಯ ಮೇಲೆ ಧಾರಾಳ ಹಾಕಿಕೊಂಡು ಮೊದಲ ಬಾರಿಗೆ ತಲೆ ಆಡಿಸಿದರು. ಮಾರನೇ ದಿನವೇ ಒಂದು ಬಾಟಲಿ ಮನೆಗೆ ಬಂತು, ಈಗ ಉಪ್ಪಿಟ್ಟಿಗೂ ಹಾಕುತ್ತಿದ್ದಾರೆ.

ಸಿಹಿಗೆ ಸ್ಟಿಕ್ಕಿ ಟಾಫಿ ಪುಡಿಂಗ್. ಖರ್ಜೂರ ಹಾಕಿದ ಮೆತ್ತನೆ ಕೇಕು, ಮೇಲೆ ಬಿಸಿ ಬೆಲ್ಲದ ಪಾಕದಂಥ ಸಾಸು, ಪಕ್ಕದಲ್ಲಿ ಕಸ್ಟರ್ಡ್. ಇಡೀ ಊಟದಲ್ಲಿ ಪೂರ್ತಿ ಅಂಕ ಕೊಡುವುದು ಇದಕ್ಕೆ ಮಾತ್ರ. ಶುಗರ್ ಇರುವವರು ಒಂದು ಚಮಚ ಸಾಕು ಅಂದರು. ಎಷ್ಟು ಚಮಚ ಆಯಿತು ಅಂತ ನಾನು ಲೆಕ್ಕ ಇಡಲಿಲ್ಲ.

ಟೇಬಲ್ಲಿನಲ್ಲಿ ಮಾತು ಅಷ್ಟು ಚೆನ್ನಾಗಿ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಗದ್ದಲ, ಅವರ ನಗೆಚಾಟಿಕೆ ಅರ್ಥವಾಗುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ. ಪಕ್ಕದಲ್ಲಿ ಯಾರು ಕೂತರೋ ಅವರೇ ಕೊನೆ ತನಕ, ಇಲ್ಲಿ ಗೇಟು ಬರುವುದಿಲ್ಲ. ಕ್ಲಬ್ಬಿನ ಹಳಬರಿಗೆ ಊಟವೇ ಮುಖ್ಯ, ನಡಿಗೆ ಅದಕ್ಕೆ ಹಸಿವು ತರಿಸುವ ಕೆಲಸ. ನನಗೆ ತದ್ವಿರುದ್ಧ. ಕೂತುಕೊಳ್ಳುವಾಗ ಗಂಡ ಸೊಸೆಯ ಪಕ್ಕ ಅಂಟಿಕೊಳ್ಳದೆ ದಾರಿಯಲ್ಲಿ ಪರಿಚಯ ಆದವರ ಪಕ್ಕ ಕೂರಿ, ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ವಾಪಸ್ಸಿಗೆ ಎರಡು ದಾರಿ. ಗಟ್ಟಿ ಇರುವವರು ಹೋಪ್ ಸ್ಟೇಷನ್ನಿನ ತನಕ ಇನ್ನೆರಡು ಮೂರು ಮೈಲಿ ನಡೆದು ರೈಲು ಹಿಡಿದರು. ಮಿಕ್ಕವರು ಊರಿನಿಂದಲೇ ಶೆಫೀಲ್ಡಿಗೆ ಹೋಗುವ ಬಸ್ ಹತ್ತಿದೆವು. ಇಲ್ಲಿಯ ಹಿರಿಯರಿಗೆ ಬಸ್ ಪಾಸ್ ಇದೆ, ಬಿಟ್ಟಿ. ನಮಗೆ ಟಿಕೆಟ್ಟು. ಬಸ್ ಬರುವುದು ಅಪರೂಪ, ವೇಳಾಪಟ್ಟಿ ನೋಡಿಕೊಂಡೇ ಕೊನೆಯ ಜಿಂಜರ್ ಬಿಯರ್ ತಗೊಳ್ಳಿ.

ಮುಂದಿನ ತಿಂಗಳ ನಡಿಗೆಗೆ ಹೆಸರು ಕೊಟ್ಟಾಗಿದೆ. ಪಟ್ಟಿ ಬೇಗ ತುಂಬುತ್ತದೆ, ಮೇಲ್ ಬಂದ ದಿನವೇ ಬರೆಸಬೇಕು. ಬಸ್ಸಿನಲ್ಲಿ ಬರುವಾಗ ಇನ್ನೊಂದು ವಿಷಯ ಗೊತ್ತಾಯಿತು. ಮಂಡಿನೋವು ಇರುವ ಸದಸ್ಯರು ನಡಿಗೆ ಬಿಟ್ಟು ನೇರವಾಗಿ ಪಬ್ಬಿಗೇ ಬಂದು ಸೇರಿಕೊಳ್ಳಬಹುದಂತೆ, ಮೊದಲೇ ಹೇಳಿದರೆ ಸಾಕು. ಇದು ಮೇಲ್‌ನಲ್ಲಿ ಇರಲೇ ಇಲ್ಲ, ಇರಬೇಕಿತ್ತು. ನಮ್ಮವರು ಅಲ್ಲೇ ಹಳದಿ ಜಾಕೆಟಿನವರ ಹತ್ತಿರ ಹೋಗಿ ತಮ್ಮ ಹೆಸರನ್ನು ಆ ಪಟ್ಟಿಗೆ ಬದಲಾಯಿಸಿಕೊಂಡು ಬಂದರು. ದಾರಿಯಲ್ಲಿ ಮುರಿದ ರಸ್ತೆ ಏನಾದರೂ ಇದ್ದರೆ ಮಾತ್ರ ತಿಳಿಸಬೇಕಂತೆ.